ಕುರಿ ರೊಪ್ಪ: ತಳಪಾಯ ತೋಡುವ ಮೊದಲು

ಕುದುರೆಗೆ ಲಾಯ, ದನಕ್ಕೆ ಕೊಟ್ಟಿಗೆ, ಕುರಿಗೆ ರೊಪ್ಪ. ಹೆಸರು ಬೇರೆಯಾದರೂ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪ್ರಾಣಿ ಎಷ್ಟು, ಗಾಳಿ ಎತ್ತಲಿಂದ, ನೀರು ಎತ್ತ ಹೋಗುತ್ತೆ, ದುಡ್ಡು ಎಲ್ಲಿಂದ? ಜವನಗೊಂಡನಹಳ್ಳಿ ಸುತ್ತಮುತ್ತ ಈಗ ಊರೊಳಗಿನ ಕುರಿಯನ್ನು ಹೊಲಕ್ಕೆ ಸಾಗಿಸುವವರು ಹೆಚ್ಚು. ಮನೆ ಪಕ್ಕ ಜಾಗ ಇಲ್ಲ, ಗೊಬ್ಬರವೂ ಹೊಲಕ್ಕೇ ಬೇಕು. ನಾನೂ ನನ್ನ ಐದು ಎಕರೆ ಖುಷ್ಕಿಯಲ್ಲಿ 25 ಹೆಣ್ಣು ಕುರಿ, ಒಂದು ಟಗರಿಗೆ ರೊಪ್ಪ ಕಟ್ಟಲು ಹೊರಟಿದ್ದೇನೆ. ಹಾಕಿಕೊಂಡ ಲೆಕ್ಕ ನಿಮ್ಮ ಮುಂದಿಡುತ್ತೇನೆ.

ಮೊದಲು ಕಾಗದ

ಬೇಸಾಯಕ್ಕೆ ಬೇಕಾದ ಕಟ್ಟಡವನ್ನು ತನ್ನ ಹಿಡುವಳಿಯಲ್ಲಿ ಕಟ್ಟಿಕೊಳ್ಳಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ರೈತನಿಗೆ ಅವಕಾಶ ಇದೆ. ಆದರೆ ಪಹಣಿ ಅಣ್ಣತಮ್ಮಂದಿರ ಹೆಸರಲ್ಲಿ ಜಂಟಿಯಾಗಿದ್ದರೆ ಮೊದಲು ಕೂತು ಮಾತಾಡಿ. ಪಾಲಾದ ದಿನ ರೊಪ್ಪ ಇನ್ನೊಬ್ಬರ ಪಾಲಿಗೆ ಬಿದ್ದರೆ ಹಾಕಿದ ಕಲ್ಲು ಕಿತ್ತು ತರೋಕಾಗಲ್ಲ. ಬದು ಅನುಮಾನ ಇದ್ದರೆ ಹದ್ದುಬಸ್ತು ಮಾಡಿಸಿ. ಹೆದ್ದಾರಿ ಪಕ್ಕದ ಜಮೀನಾದರೆ ರಸ್ತೆಯಿಂದ ಎಷ್ಟು ದೂರ ಬಿಡಬೇಕು ಅಂತ ಪಂಚಾಯ್ತಿಯಲ್ಲಿ ಕೇಳಿ. ಕರೆಂಟ್ ಲೈನ್ ಕೆಳಗೆ ಬೇಡವೇ ಬೇಡ. ಸರ್ಕಾರದ ಸಹಾಯ ಬೇಕೆನ್ನುವವರು ಕೆಲಸ ಶುರು ಮಾಡುವ ಮುಂಚೆಯೇ ಪಂಚಾಯ್ತಿಯಲ್ಲಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಕಟ್ಟಿ ಮುಗಿಸಿದ ಮೇಲೆ ಅರ್ಜಿ ಕೊಟ್ಟರೆ ಪ್ರಯೋಜನ ಕಡಿಮೆ.

ಜಾಗ

ನಮ್ಮದು ಮಳೆ ಇಲ್ಲದ ಸೀಮೆ ಅಂತ ತಗ್ಗಿನಲ್ಲಿ ಕಟ್ಟಬಾರದು. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು, 2025ರ ಜನವರಿಯಲ್ಲಿ ಇನ್ನೊಮ್ಮೆ. ಬರುವ ನಾಲ್ಕು ಮಳೆಯೂ ಒಂದೇ ರಾತ್ರಿ ಬಂದುಬಿಡಬಹುದು. ಕುರಿ ಬಿಸಿಲು ತಡೆದೀತು, ಕೆಸರು ತಡೆಯಲ್ಲ. ಗೊರಸು ಕೊಳೆಯುತ್ತೆ, ಮರಿಗೆ ನೆಗಡಿ ಹಿಡಿದು ಎದೆ ಕಟ್ಟುತ್ತೆ.

ಹಾಗಾಗಿ ದಿಣ್ಣೆ, ಗರಸು ನೆಲ ಆರಿಸಿಕೊಳ್ಳಿ. ಎರೆ ನೆಲ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತೆ, ಗೋಡೆ ನಿಲ್ಲಲ್ಲ. ಮಣ್ಣು ತುಂಬಿಸಿ ಸುತ್ತಲಿನ ನೆಲಕ್ಕಿಂತ ಒಂದಡಿ ಎತ್ತರ ಮಾಡಿಕೊಳ್ಳಿ. ಕೊಳವೆಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ. ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ತೋಟದ ಮನೆ ಇದ್ದರೆ ಅದರ ಮೂಡಲಿಗೆ ರೊಪ್ಪ ಬರಲಿ, ವಾಸನೆ ಮನೆಗೆ ಬರಲ್ಲ.

ಅಳತೆ

ಸೂರಿನ ಕೆಳಗೆ ದೊಡ್ಡ ಕುರಿ ಒಂದಕ್ಕೆ 10 ಚದರಡಿ, ಟಗರಿಗೆ 30, ಮರಿಗೆ 4, ಈಯುವ ಕುರಿಯನ್ನು ಬೇರೆ ಬಿಡಲು 16 ಚದರಡಿ ಬೇಕು. ನನ್ನ ಲೆಕ್ಕ ಹೀಗಿದೆ:

25 ಕುರಿಗೆ 250
ಟಗರಿಗೆ 30
20 ಮರಿಗೆ 80
ಈಯುವ ಎರಡು ಮೂಲೆಗೆ 32
ಒಟ್ಟು 392 ಚದರಡಿ.

28 ಅಡಿ ಉದ್ದ, 15 ಅಡಿ ಅಗಲ ಇಟ್ಟರೆ 420 ಆಗುತ್ತೆ, ಸಾಕು. ಮುಂದೆ ಬಯಲು ಅಂಗಳ ಇದರ ಎರಡರಷ್ಟು: 28ಕ್ಕೆ 30 ಅಡಿ. ಮಂದೆ ಹೆಚ್ಚುತ್ತೆ ಅಂತ ಈಗಲೇ ದೊಡ್ಡದು ಕಟ್ಟುವುದು ಬೇಡ. ಉದ್ದಕ್ಕೆ ಬೆಳೆಸಲು ಮೂಡಲ ಕಡೆ ಜಾಗ ಬಿಟ್ಟರೆ ಆಯಿತು. (ಕುದುರೆ ಸಾಕುವವರ ಲೆಕ್ಕ ಬೇರೆ, ಒಂದಕ್ಕೇ 12ಕ್ಕೆ 12 ಅಡಿಯ ಕೋಣೆ ಬೇಕು.)

ಉದ್ದ ಮೂಡಲ-ಪಡುವಲಾಗಿರಬೇಕು. ಆಗ ಸಂಜೆ ಬಿಸಿಲೂ ಆಷಾಢದ ಗಾಳಿಯೂ ಸಣ್ಣ ಮಗ್ಗುಲಿಗೆ ಮಾತ್ರ ತಾಗುತ್ತವೆ. ಪಡುವಲ ಗೋಡೆ ಪೂರ್ತಿ ಎತ್ತಿ. ಉದ್ದದ ಎರಡೂ ಕಡೆ ಮೂರಡಿ ಗೋಡೆ, ಮೇಲೆ ಸೂರಿನವರೆಗೆ ಗಟ್ಟಿ ಜಾಲರಿ. ನಾಯಿ, ತೋಳ, ಚಿರತೆ ಕಾಟಕ್ಕೆ ಜಾಲರಿಯಲ್ಲಿ ಜಿಪುಣತನ ಬೇಡ. ಸೂರು ಅಂಚಿನಲ್ಲಿ 8 ಅಡಿ, ನಡುವೆ 11 ಅಡಿ ಎತ್ತರ. ತಗಡಾದರೆ ಮೇಲೆ ತೆಂಗಿನ ಗರಿ ಹೊದಿಸಿ, ಗಾಳಿಗೆ ಹಾರದಂತೆ ಬಿಗಿಯಾಗಿ ಕಟ್ಟಿ.

ಮರದ ಪಟ್ಟಿಯ ಅಟ್ಟಣಿಗೆ ಬೇಕೇ? ದಿನವಿಡೀ ಒಳಗೇ ಕಟ್ಟಿ ಮೇಯಿಸುವವರಿಗೆ ಅದು ಒಳ್ಳೆಯದು. ಹಗಲು ಮೇಯಿಸಿಕೊಂಡು ಬರುವ ನಮ್ಮಂಥವರಿಗೆ ಗರಸು ಹಾಕಿ ದಿಮ್ಮಿಸಿದ ನೆಲ ಸಾಕು. 15 ಅಡಿ ಅಗಲಕ್ಕೆ ನಾಲ್ಕು ಅಂಗುಲ ಇಳಿಜಾರು ಕೊಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಒಳಗೆ ಕುಕ್ಕರುಗಾಲಲ್ಲಿ ಕೂತು ನೋಡಿ. ಕಣ್ಣು ಉರಿದರೆ ಗಾಳಿ ಸಾಲದು, ಗೊಬ್ಬರ ತೆಗೆಯಬೇಕು ಅಂತ ಅರ್ಥ.

ಮೇವು, ನೀರು

ಗೋದಲಿಯಲ್ಲಿ ದೊಡ್ಡ ಕುರಿಗೆ ಒಂದೂಕಾಲು ಅಡಿ ಜಾಗ ಬೇಕು. 26ಕ್ಕೆ ಮೂವತ್ತೆರಡೂವರೆ ಅಡಿ. ಅಂಗಳದ ನಡುವೆ ಇಟ್ಟು ಎರಡೂ ಕಡೆಯಿಂದ ತಿನ್ನಿಸಿದರೆ 17 ಅಡಿಯದು ಸಾಕು. ನೀರು ಬೇಸಿಗೆಯಲ್ಲಿ ತಲೆಗೆ ಆರು ಲೀಟರಂತೆ ದಿನಕ್ಕೆ 156 ಲೀಟರ್. 200 ಲೀಟರಿನ ತೊಟ್ಟಿ ಇಡಿ.

ಬೇಸಿಗೆಯ 90 ರಾತ್ರಿ ತಲೆಗೆ ಅರ್ಧ ಕೆ.ಜಿ. ಒಣಮೇವು ಹಾಕಿದರೂ 26ಕ್ಕೆ ಸುಮಾರು 12 ಕ್ವಿಂಟಾಲ್ ಬೇಕು. ಶೇಂಗಾ ಬಳ್ಳಿ, ತೊಗರಿ ಹೊಟ್ಟು, ಹುರುಳಿ ಹೊಟ್ಟು ಮಾರುವ ಮೊದಲು ಇಷ್ಟನ್ನು ಎತ್ತಿಡಿ. ಬೆಂಕಿಯ ಭಯಕ್ಕೆ ಬಣವೆ ರೊಪ್ಪಕ್ಕೆ ತಾಗಿರಬಾರದು. ಬದುವಿಗೆ ಅಗಸೆ, ನೆರಳಿಗೆ ಬೇವು, ಹೊಂಗೆ ಸಸಿಗಳನ್ನು ಕಟ್ಟಡಕ್ಕಿಂತ ಒಂದು ಮಳೆಗಾಲ ಮುಂಚೆಯೇ ನೆಡಿ.

ಹೊಸದಾಗಿ ಸಂತೆಯಿಂದ ತಂದ ಕುರಿಯನ್ನು ಮೂರು ವಾರ ದೂರ ಕಟ್ಟಲು ಒಂದು ಚಪ್ಪರ ಬೇರೆಯೇ ಇರಲಿ. ಒಂದು ಕುರಿ ತಂದ ರೋಗ ಇಡೀ ಮಂದೆಯನ್ನು ಒರೆಸಿಬಿಡುತ್ತೆ.

ದುಡ್ಡು

ನಾನು ಹಾಕಿಕೊಂಡ ಗೆರೆ ಇದು: ಒಂದು ವರ್ಷದ ಮರಿ ಮಾರಿ ಬರುವ ದುಡ್ಡಿಗಿಂತ ರೊಪ್ಪಕ್ಕೆ ಹೆಚ್ಚು ಸುರಿಯಬಾರದು. ಕಲ್ಲುಕಂಬ, ಜಾಲರಿ, ಸೂರಿಗೆ ದುಡ್ಡು, ಉಳಿದದ್ದು ಮನೆಯವರ ಮೈಕೆಲಸ. ಚೆಂದದ ಕಟ್ಟಡಕ್ಕೆ ಸಾಲ ಮಾಡಿ, ಕಂತು ಕಟ್ಟಲು ಈಯುವ ಕುರಿ ಮಾರುವಂತಾದರೆ ಕೊನೆಗೆ ಉಳಿಯುವುದು ಖಾಲಿ ರೊಪ್ಪ.

ಸುಗ್ಗಿ ಮುಗಿದ ಮೇಲೆ, ಸಂಕ್ರಾಂತಿಯಿಂದ ಯುಗಾದಿಯ ಒಳಗೆ ಕೆಲಸ ಮುಗಿಸಿದರೆ ಬೇಸಿಗೆಯ ಗಾಳಿಮಳೆಗೆ ಮುಂಚೆ ಸೂರು ನಿಂತಿರುತ್ತೆ. ಅದಕ್ಕೂ ಮೊದಲು ಗೊತ್ತುಮಾಡಿದ ಜಾಗಕ್ಕೆ ಸುಣ್ಣದ ಗೆರೆ ಹಾಕಿ, ಬಲೆ ಕಟ್ಟಿ, ಎರಡು ರಾತ್ರಿ ಮಂದೆ ನಿಲ್ಲಿಸಿ. ಎಲ್ಲಿ ಒತ್ತಾಗುತ್ತೆ, ಎಲ್ಲಿ ನೀರು ನಿಲ್ಲುತ್ತೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತೆ. ಗೆರೆ ಅಳಿಸುವುದು ಸುಲಭ, ಗೋಡೆ ಕೆಡವುವುದು ಕಷ್ಟ.