ಆಂಪ್ಲಿಫೈಯರ್ ಹಗಲೂ ರಾತ್ರಿ ಆನ್ ಇರಬೇಕೇ?

ಪ್ರಶ್ನೆ: ನಮ್ಮ ಮಾವನವರು ನಿವೃತ್ತ ಶಿಕ್ಷಕರು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹಿಂದೂಸ್ತಾನಿ ಸಂಗೀತ ಕೇಳುತ್ತಾರೆ. ಆದರೆ ಅವರ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ದಿನವಿಡೀ ಆನ್ ಇರುತ್ತದೆ. 'ಪದೇ ಪದೇ ಆಫ್ ಮಾಡಿದರೆ ಮಷೀನು ಕೆಡುತ್ತದೆ, ಬಿಸಿಯಾಗಿದ್ದರೇ ಸ್ವರ ಚೆನ್ನ' ಎನ್ನುತ್ತಾರೆ. ಕರೆಂಟ್ ಬಿಲ್ ನೋಡಿ ನಮ್ಮ ಯಜಮಾನರು ರೇಗುತ್ತಾರೆ. ಮಾವನವರು ಮಲಗಿದ ಮೇಲೆ ನಾನೇ ಗೋಡೆಯ ಸ್ವಿಚ್ ಆರಿಸುತ್ತೇನೆ. ಬೆಳಿಗ್ಗೆ ಅದು ಗೊತ್ತಾಗಿ ಅವರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಯಾರ ಮಾತು ಸರಿ?
– ಓದುಗಿ, ಶಿರಸಿ

ಉತ್ತರ: ನಿಮ್ಮ ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡರೆ ಉಳಿದದ್ದನ್ನು ಅವರೂ ಕೇಳಿಯಾರು.

ಆಂಪ್ಲಿಫೈಯರ್ ಆನ್ ಮಾಡಿದ ಗಳಿಗೆಯಲ್ಲಿ ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳು ಒಮ್ಮೆಲೇ ವಿದ್ಯುತ್ತನ್ನು ಎಳೆದುಕೊಳ್ಳುತ್ತವೆ. ಸ್ವಿಚ್ಚಿಗೂ ಫ್ಯೂಸಿಗೂ ಆಗ ಏಟು ಬೀಳುವುದು ನಿಜ. ಬಿಸಿಯಾಗಿ ತಣ್ಣಗಾಗುವಾಗ ಬೆಸುಗೆಗಳು ಹಿಗ್ಗಿ ಕುಗ್ಗುವುದೂ ನಿಜ. ಆದ್ದರಿಂದ ತಾಸಿಗೊಮ್ಮೆ ಆನ್, ಆಫ್ ಮಾಡುವುದು ಒಳ್ಳೆಯದಲ್ಲ. ಆದರೆ ದಿನಕ್ಕೆ ಒಂದೆರಡು ಸಲದ ಆನ್, ಆಫ್ ತಡೆದುಕೊಳ್ಳುವಂತೆಯೇ ಅದನ್ನು ಮಾಡಿರುತ್ತಾರೆ.

ಇಂಥ ಯಂತ್ರದ ಆಯಸ್ಸನ್ನು ಹೆಚ್ಚು ತಿನ್ನುವುದು ಶಾಖ. ಕೆಪಾಸಿಟರ್ ಒಂದರ ಮೇಲೆ '85 ಡಿಗ್ರಿ, 2000 ಗಂಟೆ' ಎಂದಿದೆ ಎನ್ನೋಣ. ಶಾಖ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಇಮ್ಮಡಿ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. ಒಳಗೆ 45 ಡಿಗ್ರಿ ಇದ್ದರೆ 32,000 ಗಂಟೆಯಾಯಿತು. ವರ್ಷಕ್ಕೆ 8,760 ಗಂಟೆ. ಸದಾ ಆನ್ ಇಟ್ಟರೆ ಮೂರೂವರೆ ವರ್ಷಕ್ಕೇ ಆ ಲೆಕ್ಕ ಮುಗಿಯಿತು. ದಿನಕ್ಕೆ ನಾಲ್ಕು ಗಂಟೆಯಾದರೆ ಇಪ್ಪತ್ತು ವರ್ಷ ದಾಟುತ್ತದೆ. ನಿಜವಾದ ಬಾಳಿಕೆ ಹೆಚ್ಚು ಕಡಿಮೆ ಆಗಬಹುದು, ಆದರೆ ಆನ್ ಇಟ್ಟರೆ ಉಳಿಯುತ್ತದೆ ಎಂಬ ನಂಬಿಕೆಗೆ ಈ ಲೆಕ್ಕದಲ್ಲಿ ಆಧಾರವಿಲ್ಲ.

'ಬಿಸಿಯಾಗಿದ್ದರೆ ಸ್ವರ ಚೆನ್ನ' ಎನ್ನುವ ಮಾತಿಗೆ ನಗಬೇಡಿ. ಒಳಗಿನ ಬಿಡಿಭಾಗಗಳು ಒಂದು ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಆದರೆ ಅದಕ್ಕೆ ಅರ್ಧ ಗಂಟೆ ಸಾಕು, ಇಡೀ ರಾತ್ರಿ ಬೇಕಿಲ್ಲ.

ಇನ್ನು ಬಿಲ್ಲಿನ ವಿಚಾರ. ಹಳೆಯ ಆಂಪ್ಲಿಫೈಯರ್ ಹಾಡದೆ ಸುಮ್ಮನೆ ಆನ್ ಇದ್ದರೂ 40 ವಾಟ್ ಎಳೆಯಬಹುದು. ಅಂದರೆ ದಿನಕ್ಕೆ ಹೆಚ್ಚೂಕಡಿಮೆ ಒಂದು ಯೂನಿಟ್, ತಿಂಗಳಿಗೆ 29. ಕೇಳುವಾಗ ಮಾತ್ರ ಹಾಕಿದರೆ ಐದಾರು ಯೂನಿಟ್ಟಿನಲ್ಲಿ ಮುಗಿಯುತ್ತದೆ. ನಿಮ್ಮ ಮನೆ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ: ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಯಜಮಾನರ ಸಿಟ್ಟಿಗೂ ಕಾರಣವಿದೆ.

ಮಲೆನಾಡಿನವರಿಗೆ ಇದಕ್ಕಿಂತ ದೊಡ್ಡ ಭಯ ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಟ್ಟುತ್ತಿದ್ದಂತೆ ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು; ಒಳಗಿನ ಆ ಚಿಕ್ಕ ಅಂತರವನ್ನು ಸಿಡಿಲು ಸಲೀಸಾಗಿ ಹಾರುತ್ತದೆ. ಡಿಶ್ ಅಥವಾ ಕೇಬಲ್ ವೈರ್ ಸೇರಿಸಿದ್ದರೆ ಅದನ್ನೂ ಬಿಡಿಸಿ. ಸಿಡಿಲು ಹೊಡೆಯತೊಡಗಿದ ಮೇಲೆ ಮಾತ್ರ ವೈರ್ ಮುಟ್ಟಲು ಹೋಗಬೇಡಿ. ಕರೆಂಟ್ ಹೋದಾಗಲೂ ಆಫ್ ಮಾಡಿ, ಬಂದು ಐದು ನಿಮಿಷ ನಿಂತ ಮೇಲೆ ಹಾಕಿ.

ಎಲ್ಲ ಉಪಕರಣಕ್ಕೂ ಒಂದೇ ಮಾತು ಹೊಂದುವುದಿಲ್ಲ. ವಾಲ್ವ್ ಇರುವ ಆಂಪ್ಲಿಫೈಯರನ್ನು ಕೇಳದಿದ್ದಾಗ ಆನ್ ಇಡಲೇಬಾರದು. ಉರಿದಷ್ಟೂ ವಾಲ್ವ್ ಸವೆಯುತ್ತದೆ. ಈಚಿನ ವೈಫೈ ಸ್ಪೀಕರುಗಳು ಸ್ಟ್ಯಾಂಡ್‌ಬೈನಲ್ಲಿ ಅಲ್ಪಸ್ವಲ್ಪ ವಿದ್ಯುತ್ತನ್ನಷ್ಟೇ ತಿನ್ನುತ್ತವೆ, ಅವುಗಳ ಗೊಡವೆ ಬೇಡ.

ಒಮ್ಮೆ ಆಂಪ್ಲಿಫೈಯರ್ ಇಟ್ಟ ಜಾಗ ನೋಡಿ. ಗಾಜಿನ ಬಾಗಿಲ ಶೋಕೇಸಿನೊಳಗೆ, ಮೇಲೆ ಕ್ರೋಶಾ ಹೊದಿಕೆ ಹಾಸಿ, ಅದರ ಮೇಲೊಂದು ಹೂದಾನಿ ಇದೆಯೇ? ಮೇಲ್ಭಾಗದ ಸೀಳುಗಳಿಂದಲೇ ಬಿಸಿ ಹೊರಹೋಗಬೇಕು. ಹೊದಿಕೆ ತೆಗೆದು, ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಬಿಡಿ. ಬೆಚ್ಚಗಿರುವ ಪೆಟ್ಟಿಗೆಯೆಂದರೆ ಹಲ್ಲಿಗಳಿಗೂ ಪ್ರೀತಿ. ಒಳಹೊಕ್ಕ ಹಲ್ಲಿ ಎರಡು ತಂತಿಗೆ ಮೈ ತಾಗಿಸಿದರೆ ಅದೂ ಸಾಯುತ್ತದೆ, ಮಷೀನೂ ಸುಡುತ್ತದೆ. ಹಾಗೆಂದು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಬಿಡುವುದೂ ತಪ್ಪು. ದಿನಕ್ಕೊಮ್ಮೆ ಹಾಕಿದರೆ ತೇವ ಹಿಡಿಯುವುದಿಲ್ಲ.

ಈಗ ನಿಮ್ಮ ವಿಷಯ. ಅವರು ಮಲಗಿದ ಮೇಲೆ ಗೋಡೆಯ ಸ್ವಿಚ್ ಆರಿಸುವುದನ್ನು ಇಂದೇ ನಿಲ್ಲಿಸಿ. ಎಲ್ಲ ಒಟ್ಟಿಗೆ ಆರಿದಾಗ ಸ್ಪೀಕರಿನಲ್ಲಿ 'ದಬ್' ಎಂದು ಸದ್ದಾಗುವುದುಂಟು. ಅದು ಸ್ಪೀಕರಿಗೆ ಒಳ್ಳೆಯದಲ್ಲ. ವಾಲ್ಯೂಮ್ ಇಳಿಸಿ ಮೊದಲು ಆಂಪ್ಲಿಫೈಯರ್, ಆಮೇಲೆ ಪ್ಲೇಯರ್ ಆರಿಸುವುದು ಕ್ರಮ. ಹಾಕುವಾಗ ಇದಕ್ಕೆ ತದ್ವಿರುದ್ಧ: ಪ್ಲೇಯರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಅದಕ್ಕಿಂತ ಮುಖ್ಯವಾದದ್ದು, ತಾವು ಜೋಪಾನ ಮಾಡಿದ ವಸ್ತುವನ್ನು ಮನೆಯವರು ಕದ್ದು ಆರಿಸುತ್ತಾರೆಂಬುದು ಹಿರಿಯರಿಗೆ ನೋವು ತರುತ್ತದೆ. ಅವರ ಬೇಸರ ಕರೆಂಟಿನದ್ದಲ್ಲ.

ಮಾವನವರ ಹತ್ತಿರ ಕೂತು ಹೇಳಿ: 'ಮಾವಾ, ನಿಮ್ಮ ಮಷೀನು ಇನ್ನೂ ಇಪ್ಪತ್ತು ವರ್ಷ ಹಾಡಬೇಕು. ಸ್ನಾನಕ್ಕೆ ಹೋಗುವ ಮುಂಚೆ ನೀವೇ ಹಾಕಿ, ಪೂಜೆ ಮುಗಿಸಿ ಬರುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಬೆಳಿಗ್ಗೆಯಾಗಲಿ ಸಂಜೆಯಾಗಲಿ, ಕೇಳಿ ಮುಗಿದ ಮೇಲೆ ನೀವೇ ಆರಿಸಿ.' ಸ್ವಿಚ್ ಅವರ ಕೈಯಲ್ಲೇ ಇರಲಿ. ಯಜಮಾನರಿಗೆ ಒಂದು ತಿಂಗಳು ಸುಮ್ಮನಿದ್ದು ಮುಂದಿನ ಬಿಲ್ ನೋಡಲು ಹೇಳಿ. ಹಳೆಯ ಮಷೀನಾದ್ದರಿಂದ ಮಳೆ ಹಿಡಿಯುವ ಮೊದಲು ನಂಬಿಕೆಯ ರಿಪೇರಿಯವರಿಂದ ಕೆಪಾಸಿಟರ್ ಪರೀಕ್ಷೆ ಮಾಡಿಸಿ, ಧೂಳು ತೆಗೆಸಿ. ಆ ಖರ್ಚನ್ನು ಮಗನೇ ಕೊಟ್ಟರೆ, ಇಷ್ಟು ದಿನದ ರೇಗಾಟವನ್ನು ಅಪ್ಪ ಮರೆಯುವುದು ಸುಲಭವಾದೀತು.