ಒಂದೇ ಜಾತಿಯ ಮೀನುಗಳೇ ಏಕೆ ಕಚ್ಚಾಡುತ್ತವೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿದ್ದ ಕ್ಲೌನ್ ಫಿಶ್ ಒಂಟಿಯಾಗಬಾರದೆಂದು ಅದೇ ಜಾತಿಯ, ಹೆಚ್ಚುಕಡಿಮೆ ಅಷ್ಟೇ ದೊಡ್ಡದಾದ ಇನ್ನೊಂದನ್ನು ತಂದು ಬಿಟ್ಟೆವು. ಹಳೆಯದು ಹೊಸದನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಬೇರೆ ಜಾತಿಯ ಮೀನುಗಳ ತಂಟೆಗೆ ಮಾತ್ರ ಹೋಗುವುದಿಲ್ಲ. ಫೈಟರ್ ಮೀನಿನ ಹಾಗೆ ಇವೂ ಎರಡು ಗಂಡುಗಳೇ? ಹೊಸ ಮೀನು ಆಗಾಗ ಮೈ ನಡುಗಿಸುತ್ತದೆ. ಅದು ಕಾಯಿಲೆಯೇ?

ಉತ್ತರ: ಒಂದೇ ಜಾತಿಯವು ಎಂದಮೇಲೆ ಹೊಂದಿಕೊಂಡು ಇರುತ್ತವೆ ಎಂದೇ ಯಾರಾದರೂ ಅಂದುಕೊಳ್ಳುತ್ತಾರೆ. ಸಿಹಿನೀರಿನ ಗಪ್ಪಿ, ನಿಯಾನ್ ಟೆಟ್ರಾ ಸಾಕಿದವರು ನೋಡಿರುವುದೂ ಅದನ್ನೇ. ಹವಳದ ಬಂಡೆಯ ಮೀನುಗಳ ವಿಷಯ ಬೇರೆ. ಮೊದಲು ಅದನ್ನು ತಿಳಿದುಕೊಂಡು, ಆಮೇಲೆ ನಿಮ್ಮ ಮನೆಯ ಎರಡು ಮೀನುಗಳಿಗೆ ಬರೋಣ.

ಹವಳದ ಬಂಡೆಯಲ್ಲಿ ಜಾಗ ಕಡಿಮೆ, ಮೀನುಗಳು ಬಹಳ. ಆದರೆ ಎಲ್ಲಕ್ಕೂ ಬೇಕಾದದ್ದು ಒಂದೇ ಅಲ್ಲ. ಒಂದು ಪಾಚಿ ಮೇಯುತ್ತದೆ, ಇನ್ನೊಂದು ಹವಳದ ಜೀವಿಗಳನ್ನೇ ಕುಕ್ಕಿ ತಿನ್ನುತ್ತದೆ, ಮತ್ತೊಂದು ನೀರಿನಲ್ಲಿ ತೇಲಿಬರುವ ಸೂಕ್ಷ್ಮ ಜೀವಿಗಳನ್ನು ಹಿಡಿಯುತ್ತದೆ. ಬೇರೆ ಜಾತಿಯ ಮೀನು ಪಕ್ಕದಲ್ಲಿದ್ದರೆ ಇದರ ಊಟಕ್ಕೇನೂ ಕಲ್ಲು ಬೀಳುವುದಿಲ್ಲ. ತನ್ನದೇ ಜಾತಿಯದು ಬಂದರೆ ಮಾತ್ರ ಊಟ, ಅಡಗುವ ಪೊಟರೆ, ಜೋಡಿ ಮೂರಕ್ಕೂ ಪೈಪೋಟಿ ಹುಟ್ಟುತ್ತದೆ. 1973ರಲ್ಲಿ ನೊಬೆಲ್ ಪಡೆದ ಪ್ರಾಣಿವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆಂಟ್ಸ್ ಆಕ್ರಮಣ ಸ್ವಭಾವವನ್ನು ಕುರಿತ ತಮ್ಮ 1963ರ ಪುಸ್ತಕವನ್ನು ಆರಂಭಿಸುವುದೇ ಹವಳದ ಬಂಡೆಯ ಮೀನುಗಳಿಂದ. ನೀವು ನಿಮ್ಮ ತೊಟ್ಟಿಯಲ್ಲಿ ಕಂಡದ್ದನ್ನೇ ಅವರೂ ಗಮನಿಸಿದ್ದರು: ಈ ಮೀನುಗಳು ಪರರನ್ನು ಸಹಿಸುತ್ತವೆ, ತಮ್ಮವರನ್ನು ಸಹಿಸುವುದಿಲ್ಲ. ಕಣ್ಣಿಗೆ ಹೊಡೆಯುವ ಬಣ್ಣಗಳು ‘ಈ ಜಾಗ ನನ್ನದು’ ಎಂದು ತನ್ನ ಜಾತಿಯವಕ್ಕೆ ಸಾರುವ ಫಲಕಗಳು ಎಂಬುದು ಅವರ ಊಹೆ. ಆ ಊಹೆ ಎಲ್ಲ ಕಡೆ ಒಪ್ಪುವುದಿಲ್ಲ. ಡ್ಯಾಮ್ಸೆಲ್ ಮೀನು ತಾನು ಕಾಯುವ ಪಾಚಿಗೆ ಬಾಯಿ ಹಾಕುವ ಯಾವ ಜಾತಿಯ ಮೀನನ್ನಾದರೂ ಓಡಿಸುತ್ತದೆ. ಹಾಗಾಗಿ ಬಣ್ಣಕ್ಕಿಂತ ಪೈಪೋಟಿಯೇ ಮುಖ್ಯ ಕಾರಣ ಎಂದು ನನಗೆ ಅನಿಸುತ್ತದೆ.

ಈಗ ನಿಮ್ಮ ಕ್ಲೌನ್ ಫಿಶ್. ಫೈಟರ್ ಮೀನನ್ನು ನೀವು ನೆನಪಿಸಿಕೊಂಡದ್ದು ಸಹಜವೇ, ಆದರೆ ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫೈಟರ್ ಮೀನಿನಲ್ಲಿ ಗಂಡು ಹುಟ್ಟಿನಿಂದ ಸಾವಿನವರೆಗೂ ಗಂಡೇ. ಕ್ಲೌನ್ ಫಿಶ್ ಮರಿಯಾಗಿದ್ದಾಗ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಬೆಳೆದಂತೆ ಮೊದಲು ಗಂಡಾಗುತ್ತದೆ, ಅವಕಾಶ ಸಿಕ್ಕರೆ ಮುಂದೆ ಹೆಣ್ಣಾಗುತ್ತದೆ. ಸಮುದ್ರದಲ್ಲಿ ಅನಿಮೊನಿ ಎಂಬ ಕುಟುಕುವ ಕಡಲಜೀವಿಯೇ ಇವುಗಳ ಆಸರೆ, ಒಂದು ಅನಿಮೊನಿಯಲ್ಲಿ ಒಂದು ಗುಂಪು ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಸರದಿ ಕಾಯುವ ಚಿಕ್ಕವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಮೂರನೆಯದು ಗಂಡಾಗುತ್ತದೆ. ಹೆಣ್ಣು ಸದಾ ಗದರಿಸುತ್ತಾ ಇರುವುದೇ ಗಂಡನ್ನು ಗಂಡಾಗಿಯೇ ಉಳಿಸುತ್ತದೆ ಎಂದು ಹಾನ್ಸ್ ಫ್ರಿಕೆ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಂದರೆ ನೀವು ನೋಡುತ್ತಿರುವ ಅಟ್ಟಾಟ ಯಾರು ಹೆಣ್ಣು, ಯಾರು ಗಂಡು ಎಂಬ ತೀರ್ಮಾನವೂ ಹೌದು.

ಒಂದು ಮಾತು ಇಲ್ಲಿ ಬಹಳ ಮುಖ್ಯ. ಹೆಣ್ಣಾದ ಮೀನು ತಿರುಗಿ ಗಂಡಾಗುವುದಿಲ್ಲ. ಆದ್ದರಿಂದ ಎರಡು ಗಂಡು ಸೇರಿದರೆ ಒಂದು ಹೆಣ್ಣಾಗಿ ವಿಷಯ ಬಗೆಹರಿಯಬಹುದು. ಎರಡು ಹೆಣ್ಣು ಸೇರಿದರೆ ಸೋಲೊಪ್ಪಲು ಎರಡಕ್ಕೂ ದಾರಿಯಿಲ್ಲ, ಒಂದು ಸಾಯುವವರೆಗೂ ಹೋಗಬಹುದು. ಬಹುಕಾಲ ಒಂಟಿಯಾಗಿ ಬೆಳೆದ ದೊಡ್ಡ ಮೀನು ಹೆಣ್ಣಾಗಿರಬಹುದು. ಅದರ ಜೊತೆಗೆ ಅಷ್ಟೇ ದೊಡ್ಡದನ್ನು ಬಿಟ್ಟರೆ ಅಪಾಯ ಇರುವುದು ಇದಕ್ಕೇ.

ಗಾತ್ರಕ್ಕೆ ಇಷ್ಟು ಬೆಲೆ ಏಕೆ? ಪಪುವಾ ನ್ಯೂಗಿನಿಯ ಕಡಲಲ್ಲಿ ಪೀಟರ್ ಬಸ್ಟನ್ ಎಂಬ ವಿಜ್ಞಾನಿ ಕ್ಲೌನ್ ಫಿಶ್ ಗುಂಪುಗಳನ್ನು ಅಳೆದು ನೋಡಿದರು. ಗುಂಪಿನಲ್ಲಿ ಪ್ರತಿಯೊಂದು ಮೀನೂ ತನಗಿಂತ ಮೇಲಿನದಕ್ಕಿಂತ ಸ್ಪಷ್ಟವಾಗಿ ಚಿಕ್ಕದಾಗಿರುತ್ತದೆ, ಆ ಅಂತರ ಉಳಿಯುವ ಹಾಗೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ ಎಂದು 2003ರಲ್ಲಿ ಪ್ರಕಟಿಸಿದರು. ಮೇಲಿನದರ ಸಮಕ್ಕೆ ಬೆಳೆದರೆ ಅನಿಮೊನಿಯಿಂದ ಹೊರದಬ್ಬಿಸಿಕೊಳ್ಳಬೇಕಾಗುತ್ತದೆ. ಆ ಆಸರೆ ತಪ್ಪಿದ ಕ್ಲೌನ್ ಫಿಶ್ ಬೇರೆ ಮೀನಿನ ಬಾಯಿಗೆ ಬೀಳುವುದು ಖಚಿತವೆಂದೇ ಹೇಳಬಹುದು. ನನ್ನ ಮಟ್ಟಿಗೆ ಮೀನುಗಳ ಬಗ್ಗೆ ಓದಿದ್ದರಲ್ಲಿ ಇಷ್ಟು ಸೊಗಸಾದ ಸಂಗತಿ ಕಡಿಮೆ.

ಇನ್ನು ನಡುಕ. ಅದು ಸಾಮಾನ್ಯವಾಗಿ ಕಾಯಿಲೆ ಅಲ್ಲ, ಅನೇಕರು ಕಾಯಿಲೆಯೆಂದು ತಿಳಿದು ಸುಮ್ಮನೆ ಔಷಧಿ ಹಾಕುತ್ತಾರೆ. ಹತ್ತಿರದಿಂದ ನೋಡಿ: ದೊಡ್ಡದು ಮೈಮೇಲೆ ಬಂದಾಗ ಚಿಕ್ಕದು ಓಡುವ ಬದಲು ಪಕ್ಕಕ್ಕೆ ವಾಲಿ, ತಲೆಯಿಂದ ಬಾಲದವರೆಗೆ ಒಂದೆರಡು ಸೆಕೆಂಡು ಕಂಪಿಸುತ್ತದೆ. ದೊಡ್ಡದು ಅಲ್ಲಿಗೇ ನಿಲ್ಲುತ್ತದೆ. ‘ನೀನೇ ದೊಡ್ಡವಳು’ ಎಂದು ಒಪ್ಪುವ ರೀತಿ ಅದು. ನಿಮ್ಮ ಹೊಸ ಮೀನು ಹೀಗೆ ನಡುಗುತ್ತಿದ್ದರೆ ಸಂತೋಷಪಡಿ, ಜೋಡಿ ಕೂಡುವ ಲಕ್ಷಣ ಅದು. ಹಳೆಯದು ಎದುರಿಗಿಲ್ಲದಾಗಲೂ ನಡುಗಿದರೆ, ಮೈಮೇಲೆ ಬಿಳಿ ಚುಕ್ಕೆ ಕಂಡರೆ, ಕಲ್ಲಿಗೆ ಮೈ ಉಜ್ಜಿದರೆ ಮಾತ್ರ ಕಾಯಿಲೆಯನ್ನು ಅನುಮಾನಿಸಿ.

ಹಾಗಾದರೆ ಸಮುದ್ರದಲ್ಲಿ ನಡೆಯುವುದು ತೊಟ್ಟಿಯಲ್ಲಿ ಏಕೆ ಕೆಡುತ್ತದೆ? ಸಮುದ್ರದಲ್ಲಿ ಸೋತದ್ದಕ್ಕೆ ಕಣ್ಮರೆಯಾಗಲು ಜಾಗವಿದೆ, ಗೆದ್ದದ್ದು ಹಿಂದಿರುಗುತ್ತದೆ. ಗಾಜಿನ ತೊಟ್ಟಿಯಲ್ಲಿ ಸೋತದ್ದು ಎಲ್ಲಿಗೆ ಹೋದರೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ, ಇನ್ನೂ ಬಿಟ್ಟುಹೋಗಿಲ್ಲ ಎಂದು ಗೆದ್ದದ್ದು ಮತ್ತೆ ಮತ್ತೆ ಮೇಲೆ ಬೀಳುತ್ತದೆ. ಸಮುದ್ರದಲ್ಲಿ ದೊಡ್ಡ ಹಿಂಡಾಗಿ ಕಾಣುವ ಹಸಿರು ಕ್ರೋಮಿಸ್ ಮೀನುಗಳು ಸಹ ಮನೆಯ ತೊಟ್ಟಿಯಲ್ಲಿ ಒಂದೊಂದಾಗಿ ಕಡಿಮೆಯಾಗುತ್ತಾ, ಕೊನೆಗೆ ಒಂದೇ ಉಳಿಯುವುದನ್ನು ಸಾಕಿದವರು ಬಲ್ಲರು.

ಈಗ ನೀವು ಮಾಡಬೇಕಾದದ್ದು. ಹೊಸ ಮೀನು ಊಟ ಮಾಡುತ್ತಿದೆಯೇ, ಈಜುರೆಕ್ಕೆಗಳು ಹರಿದಿವೆಯೇ ನೋಡಿ. ಅಟ್ಟಾಟ ಇದ್ದರೂ ಊಟ ಸರಿಯಾಗಿದ್ದು ರೆಕ್ಕೆಯ ಅಂಚು ಮಾತ್ರ ಸ್ವಲ್ಪ ಸವೆದಿದ್ದರೆ ಕೈ ಹಾಕಬೇಡಿ. ಊಟ ಬಿಟ್ಟು ನೀರಿನ ಮೇಲ್ಭಾಗದ ಮೂಲೆಯಲ್ಲಿ ಸೇರಿಕೊಂಡು ಏದುಸಿರು ಬಿಡುತ್ತಿದ್ದರೆ ಅವತ್ತೇ ಬೇರ್ಪಡಿಸಿ. ಸಣ್ಣ ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯನ್ನು ತೊಟ್ಟಿಯೊಳಗೇ ಇಳಿಬಿಟ್ಟು, ಒಂದೆರಡು ವಾರ ಅದರಲ್ಲಿಡಿ. ಡಬ್ಬಿಯೊಳಗೆ ಇಡಬೇಕಾದದ್ದು ಹಳೆಯದನ್ನು, ಹೊಸದನ್ನಲ್ಲ. ಎಷ್ಟೋ ಮಂದಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ. ಹಳೆಯದು ಒಳಗಿದ್ದಾಗ ಹೊಸದಕ್ಕೆ ತೊಟ್ಟಿಯ ಪರಿಚಯವಾಗುತ್ತದೆ, ಹಳೆಯದರ ಹಿಡಿತ ಸಡಿಲಾಗುತ್ತದೆ. ಆ ಹೊತ್ತಿನಲ್ಲಿ ಕಲ್ಲುಗಳ ಜೋಡಣೆಯನ್ನೂ ಬದಲಿಸಿದರೆ ಇನ್ನೂ ಒಳ್ಳೆಯದು. ದೀಪ ಆರಿಸಿದ ಮೇಲೆ ಡಬ್ಬಿ ತೆರೆಯಿರಿ.

ಇಷ್ಟಾದರೂ ಎರಡೂ ಎದುರುಬದುರಾಗಿ ನಿಂತು ಬಾಯಿಗೆ ಬಾಯಿ ಹಾಕಿ ಕಚ್ಚುತ್ತಿದ್ದರೆ, ಯಾವುದೂ ನಡುಗಿ ಸೋಲೊಪ್ಪದಿದ್ದರೆ, ಎರಡೂ ಹೆಣ್ಣಿರಬಹುದು. ಆಗ ಹೊಸದನ್ನು ಅಂಗಡಿಗೆ ಹಿಂದಿರುಗಿಸಿ, ಹಳೆಯದರ ಅರ್ಧದಷ್ಟಿರುವ ಮರಿಯೊಂದನ್ನು ಕೇಳಿ ತನ್ನಿ. ‘ಗಂಡು ಕೊಡಿ’ ಎಂದು ಕೇಳಬೇಕಾಗಿಲ್ಲ. ಅಷ್ಟು ಚಿಕ್ಕದಾದರೆ, ನಿಮ್ಮ ದೊಡ್ಡ ಮೀನಿನ ಪಕ್ಕದಲ್ಲಿ ಬೆಳೆಯುತ್ತಾ ಗಂಡಾಗುವುದೇ ಹೆಚ್ಚು.