ಸನ್ನೆಯ ಪಾಠಕ್ಕೆ ಒಂದು ರಟ್ಟಿನ ಪೆಟ್ಟಿಗೆ

ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ನಾನು ಮಾಡಿದ ಪಾಠವಿದು. ಹಾರೆ, ಕತ್ತರಿ ಮಕ್ಕಳಿಗೆ ಗೊತ್ತಿರುವ ಸನ್ನೆಗಳು. ಹೊಸ ಉದಾಹರಣೆಯಾಗಿ ಲ್ಯಾಪರೊಸ್ಕೋಪಿಯನ್ನು ಆರಿಸಿಕೊಂಡೆ.

ಹಿನ್ನೆಲೆ: ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉದ್ದನೆಯ ಉಪಕರಣ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ ಇದು. ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ 1990ರಲ್ಲಿ ಹೀಗೆ ಪಿತ್ತಕೋಶ ತೆಗೆದದ್ದು ಭಾರತದಲ್ಲಿ ಮೊದಲು.

ತತ್ವ: ಹೊಟ್ಟೆಯ ರಂಧ್ರವೇ ಆನಿಕೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ, ಕೈ ಮೇಲಕ್ಕೆ ಹೋದರೆ ತುದಿ ಕೆಳಕ್ಕೆ. ಉಪಕರಣ ಒಳಗೆ 20 ಸೆಂ.ಮೀ., ಹೊರಗೆ 10 ಸೆಂ.ಮೀ. ಇದ್ದರೆ ತುದಿ ಕೈಯ ಎರಡರಷ್ಟು ಚಲಿಸುತ್ತದೆ. ಇದು ಕೈಗೆ ಒಗ್ಗಲೆಂದು ಕಿರಿಯ ವೈದ್ಯರು ಮೊದಲು ಅಭ್ಯಾಸದ ಪೆಟ್ಟಿಗೆಯಲ್ಲಿ ಕಲಿಯುತ್ತಾರೆ. 6 ಸಣ್ಣ ತುಂಡುಗಳನ್ನು ಗೂಟದಿಂದ ಎತ್ತಿ, ಒಂದು ಉಪಕರಣದಿಂದ ಇನ್ನೊಂದಕ್ಕೆ ದಾಟಿಸಿ, ಆಚೆಯ ಗೂಟಕ್ಕೆ ಹಾಕಿ, ಮತ್ತೆ ಹಿಂದಕ್ಕೆ ತರಬೇಕು. ಸಮಯವನ್ನೂ ಬಿದ್ದ ತುಂಡುಗಳನ್ನೂ ಲೆಕ್ಕ ಹಾಕುತ್ತಾರೆ.

ಚಟುವಟಿಕೆ: ಪೆಟ್ಟಿಗೆಯ ಪಕ್ಕದಲ್ಲಿ ತೂತು ಮಾಡಿ, ತುದಿಗೆ ತಂತಿಕೊಕ್ಕೆ ಕಟ್ಟಿದ ಕಡ್ಡಿ ತೂರಿಸಿದೆವು. ಮೇಲಿನ ತೂತಿಗೆ ಮೊಬೈಲ್ ಕ್ಯಾಮೆರಾ ಇಟ್ಟೆವು. ಪರದೆಯನ್ನಷ್ಟೇ ನೋಡುತ್ತ ಒಂದು ಮೊಳೆಯಿಂದ ಇನ್ನೊಂದಕ್ಕೆ ಮಗುವಿನ ಬಳೆ ಹಾಕಬೇಕು.

ಅವಲೋಕನ: ಮೊದಲ ಸರದಿಯಲ್ಲಿ ಎಲ್ಲರ ಕಡ್ಡಿಯೂ ತಪ್ಪು ದಿಕ್ಕಿಗೆ ಹೋಯಿತು. ಮೂರನೆಯ ಸರದಿಗೆ ಹಲವರು ದಿಕ್ಕನ್ನು ಯೋಚಿಸುವುದನ್ನೇ ಬಿಟ್ಟಿದ್ದರು. “ಡಾಕ್ಟರ್‌ಗೂ ಹಿಂಗೇ ಕೈ ತಪ್ಪುತ್ತಾ ಸರ್?” ಎಂದು ಒಬ್ಬಳು ಕೇಳಿದಳು. “ತಪ್ಪುತ್ತಮ್ಮ. ಪೆಟ್ಟಿಗೇಲೇ ತಪ್ಪಲಿ, ರೋಗಿ ಹೊಟ್ಟೇಲಿ ಬೇಡ ಅಂತಾನೇ ಈ ಅಭ್ಯಾಸ” ಎಂದೆ.

ಮೌಲ್ಯಮಾಪನ: ಕಡ್ಡಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದರೆ ತುದಿಯ ಚಲನೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಅಳೆದು ತೋರಿಸಿ.